ಕೊರಳಿಗೆ ಕಟ್ಟಿದ ಚೊಂಬು

ಆ ಶನಿವಾರ ನನ್ನ ಮಗಳು ಕನ್ನಡ ತರಗತಿಯಿಂದ ಕೊರಳಿಗೊಂದು ಕಾರ್ಡು ನೇತುಹಾಕಿಕೊಂಡು ಮನೆಗೆ ಬಂದಳು. ಎಂಟು ವರ್ಷದ ಹುಡುಗಿ. ಎಂದಿನಂತೆ ಬಾಗಿಲಲ್ಲಿ ಶೂ ಕಳಚಿ ಜೋಡಿಸಿಟ್ಟಳು. ಆದರೆ ಎಂದಿನಂತೆ ‘ಅಮ್ಮಾ’ ಎಂದು ಕೂಗಲಿಲ್ಲ.

ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿದ್ದರು. ಸುತ್ತ ಅರಿಸಿನ ಕುಂಕುಮ ಬಣ್ಣದ ಅಂಚು, ನಡುವೆ ಅಳುತ್ತಿರುವ ಕರಡಿಮರಿ, ಕೆಳಗೆ ದುಂಡಗಿನ ಅಕ್ಷರಗಳಲ್ಲಿ ‘ನಾನು ಕನ್ನಡ ಮರೆತೆ’. ಅದನ್ನು ಕಟ್ಟಿದ್ದ ಪಟ್ಟಿ ಯಾವುದೋ ಕಂಪನಿಯ ಹಳೆಯ ಐಡಿ ಕಾರ್ಡಿನದು.

"ಏನಿದು?" ಅಂದೆ.

"ಪನಿಶ್‌ಮೆಂಟ್," ಅಂದಳು. "ಕ್ಲಾಸಲ್ಲಿ ಇಂಗ್ಲಿಷ್ ಆರ್ ಜಾಪನೀಸ್ ಮಾತಾಡಿದ್ರೆ ಹಾಕ್ತಾರೆ. ನೆಕ್ಸ್ಟ್ ಯಾರು ಮಾತಾಡ್ತಾರೋ ನಾನು ಕ್ಯಾಚ್ ಮಾಡಿ ಅವ್ರಿಗೆ ಹಾಕ್ಬೇಕು. ಲಾಸ್ಟಲ್ಲಿ ಯಾರ ಹತ್ರ ಇರತ್ತೋ ಅವ್ರು ಒನ್ ವೀಕ್ ಇಟ್ಕೋಬೇಕು. ಮನೇಲೂ ಹಾಕ್ಕೋಬೇಕು."

"ನೀನೇನು ಮಾತಾಡಿದೆ?"

"ಪಕ್ಕದವಳ ಪೆನ್ಸಿಲ್ ಬೀಳಿಸ್ಬಿಟ್ಟೆ. ‘ಗೊಮೆನ್’ ಅಂದೆ."

ಗೊಮೆನ್ ಅಂದರೆ ಜಪಾನಿಯಲ್ಲಿ ತಪ್ಪಾಯಿತು ಎಂದು. ಇಲ್ಲೇ ಹುಟ್ಟಿ ಬೆಳೆದ ಮಗು. ಬಾಯಿಗೆ ಮೊದಲು ಬರುವುದು ಅದೇ. ತಪ್ಪಾಯಿತು ಅಂದದ್ದಕ್ಕೆ ನನ್ನ ಮಗಳಿಗೆ ಶಿಕ್ಷೆ ಕೊಟ್ಟಿದ್ದರು.

ನಾನೇನು ಮಾಡಿದೆ ಅಂದರೆ, ಏನೂ ಮಾಡಲಿಲ್ಲ. ಕೈ ತೊಳೆದು ಬಾ, ಅನ್ನ ಆರುತ್ತಿದೆ ಅಂದೆ. ಬಡಿಸುವಾಗ ಸಾರು ಮೇಜಿನ ಮೇಲೆ ಚೆಲ್ಲಿತು. ಗಂಡ ಒರೆಸಿದ. "ಬಿಡೇ, ಮಕ್ಕಳ ಆಟ ಅದು," ಅಂದ. ಅವನು ಬೆಂಗಳೂರಿನವನು. ಅವನಿಗೆ ಅದು ಆಟವೇ ಆಗಿತ್ತು.

ನಾವಿರುವುದು ಟೋಕಿಯೋದ ಓಜಿಮಾದಲ್ಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಹಳೆಯ ವಸತಿ ಕಟ್ಟಡಗಳ ಸಾಲಿನಲ್ಲಿ. ಲಿಫ್ಟಿನಲ್ಲಿ ಒಗ್ಗರಣೆ ವಾಸನೆ ಬರುವಷ್ಟು ಮಂದಿ ನಮ್ಮ ದೇಶದವರಿದ್ದಾರೆ. ಅವರಲ್ಲಿ ಕನ್ನಡದವರು ಸೇರಿ ಕೆಳಗಿನ ಸಭಾಕೊಠಡಿಯನ್ನು ಶನಿವಾರ ಬೆಳಿಗ್ಗೆಗೆ ಬಾಡಿಗೆ ಹಿಡಿದು ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಕಲಿಸುವವರು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಎಲ್ಲರೂ ಮೇಡಂ ಅನ್ನುತ್ತಾರೆ, ನಾನೂ ಇಲ್ಲಿ ಹಾಗೇ ಅನ್ನುತ್ತೇನೆ. ಹೆಸರು ಬರೆಯುವುದಿಲ್ಲ. ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲಿರುವ ಹೆಸರು ನನ್ನನ್ನು ಹೆತ್ತವರು ಇಟ್ಟದ್ದಲ್ಲ. ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರು, "ಇದೆಂಥ ಹೆಸರು, ನಾಯಿಗಿಟ್ಟ ಹಾಗಿದೆ," ಎಂದು ತಮ್ಮ ಅತ್ತಿಗೆಯ ಹೆಸರನ್ನು ನನಗೆ ಬರೆದುಕೊಂಡರು. ಅಂದಿನಿಂದ ನನಗೆ ಹೆಸರುಗಳ ಮೇಲೆ ಗೌರವ ಕಡಿಮೆ.

ನಾವು ಜೇನು ಕುರುಬರು. ಇದನ್ನು ಓದಿದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಕುತೂಹಲ ಹುಟ್ಟಿರುತ್ತದೆ. ಅಷ್ಟೆತ್ತರದ ಮರ ಹತ್ತಿ ಜೇನು ಹೇಗೆ ಕೀಳುತ್ತಾರೆ, ಏನು ಹಾಡುತ್ತಾರೆ, ಆನೆ ಎದುರಾದರೆ ಏನು ಮಾಡುತ್ತಾರೆ. ಅದಕ್ಕೆಲ್ಲ ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ನಾನು ಇಲ್ಲಿನ ಒಂದು ಸಂಶೋಧನಾಲಯದಲ್ಲಿ ಭತ್ತದ ಬೇರಿಗೆ ಹತ್ತುವ ಶಿಲೀಂಧ್ರದ ಮೇಲೆ ಕೆಲಸ ಮಾಡುತ್ತೇನೆ. ಜೇನು ತಿನ್ನುವುದು ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಬಾಟಲಿಯಿಂದ.

ಓಜಿಮಾದ ಕನ್ನಡಿಗರಿಗೆ ಇದಾವುದೂ ಗೊತ್ತಿರಲಿಲ್ಲ. "ಯಾವ ಕಡೆಯವರು ನೀವು?" ಅಂದರೆ "ಮೈಸೂರು ಕಡೆ" ಅನ್ನುತ್ತಿದ್ದೆ. ಸುಳ್ಳಲ್ಲ. ಮೈಸೂರಿನಿಂದ ಬಸ್ಸು ಹತ್ತಿ, ಇಳಿದು, ಜೀಪು ಹಿಡಿದು, ಮತ್ತೂ ನಡೆದರೆ ನಮ್ಮ ಹಾಡಿ. ಹಾಡಿ ಮೊದಲು ಕಾಡಿನ ಒಳಗಿತ್ತು. ಬಿಳಿಯರು ಬಂದು ಕಾಡಿಗೊಂದು ಗೆರೆ ಎಳೆದು ಇದು ಸರ್ಕಾರದ್ದು ಅಂದರು. ಅವರು ಹೋದಮೇಲೆ ಬಂದವರು ಗೆರೆ ಅಳಿಸಲಿಲ್ಲ, ದಪ್ಪ ಮಾಡಿದರು. ನಮ್ಮ ತಾತನನ್ನು ಹೂತ ಜಾಗದ ಪಕ್ಕದಲ್ಲಿ ಈಗ ಸಫಾರಿ ವಾಹನ ತಿರುಗುತ್ತದೆ. ಅಲ್ಲಿಗೆ ಹೋಗಲು ನನಗೆ ಟಿಕೆಟ್ ಬೇಕು. ಕಾಡಿನಿಂದ ಹೊರಗೆ ತಂದು ಹಾಕಿದ ಮೇಲೆ, ದೊಡ್ಡವರನ್ನಂತೂ ತಿದ್ದಲಾಗದು, ಮಕ್ಕಳನ್ನಾದರೂ ಮನುಷ್ಯರನ್ನಾಗಿ ಮಾಡೋಣ ಎಂದು ಆಶ್ರಮ ಶಾಲೆ ತೆರೆದರು. ಜೀಪಿನಲ್ಲಿ ತುಂಬಿಕೊಂಡು ಹೋದರು. ಅಲ್ಲೇ ಊಟ, ಅಲ್ಲೇ ನಿದ್ದೆ. ಮೊದಲ ದಿನ ತಲೆ ಬೋಳಿಸಿದರು. ಹೇನು ಇರುತ್ತವಂತೆ. ನನಗಿರಲಿಲ್ಲ, ನಮ್ಮವ್ವ ಬಿಡುತ್ತಿರಲಿಲ್ಲ.

ಆ ಶಾಲೆಯಲ್ಲಿ ಕಾರ್ಡು ಇರಲಿಲ್ಲ. ಅಲ್ಲಿದ್ದದ್ದು ಚೊಂಬು. ಕಕ್ಕಸಿಗೆ ಇಟ್ಟ, ಅಂಚು ಮುರಿದ ಅಲ್ಯೂಮಿನಿಯಂ ಚೊಂಬು. ಹಾಡಿಯ ಮಾತನ್ನು ಆಡಿ ಸಿಕ್ಕಿಬಿದ್ದವರ ಕೊರಳಿಗೆ ವಾರ್ಡನ್ನು ಅದನ್ನು ಸೆಣಬಿನ ದಾರದಲ್ಲಿ ಕಟ್ಟುತ್ತಿದ್ದ. ಅದನ್ನು ಕಟ್ಟಿಕೊಂಡೇ ಪಾಠ, ಕಟ್ಟಿಕೊಂಡೇ ಊಟ. ಬಿಡುಗಡೆ ಬೇಕಾದರೆ ಇನ್ನೊಬ್ಬರು ಆ ಮಾತನ್ನು ಆಡುವುದನ್ನು ನೀನೇ ಕೇಳಿ, ನೀನೇ ಹಿಡಿದು, ನೀನೇ ವಾರ್ಡನ್ನಿಗೆ ಹೇಳಬೇಕು. ಎಂಥ ಉಪಾಯ ನೋಡಿ. ವಾರ್ಡನ್ನಿಗೆ ಕೆಲಸವೇ ಇಲ್ಲ. ನಲವತ್ತು ಮಕ್ಕಳು ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ಇಷ್ಟು ಗೊತ್ತಿದ್ದೂ ನಾನು ಮಗಳ ಕೊರಳಿನ ಕಾರ್ಡು ಬಿಚ್ಚಲಿಲ್ಲ. ಬಿಚ್ಚಿದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಲು ಹೊರಟರೆ ಕೊನೆಯವರೆಗೂ ಹೇಳಬೇಕಾಗುತ್ತದೆ. ಆ ಕೊನೆ ನನಗೆ ಬೇಡವಾಗಿತ್ತು.

ಬುಧವಾರ ಸಂಜೆ ಬಾಗಿಲ ಗಂಟೆ ಬಾರಿಸಿತು. ಕೆಳಮನೆಯ ಅಜ್ಜಿ ನಿಂತಿದ್ದರು, ಎಂಬತ್ತರ ಹತ್ತಿರದವರು. ಕಟ್ಟಡದ ಮುಂದಿನ ಹೂವಿನ ಪಾತಿ ನೋಡಿಕೊಳ್ಳುತ್ತಾರೆ, ನನ್ನ ಮಗಳು ಅವರಿಗೆ ನೀರು ಹಾಕಲು ನೆರವಾಗುತ್ತಾಳೆ. ಅಂದೂ ಹೋಗಿದ್ದಳು, ಕೊರಳಲ್ಲಿ ಕಾರ್ಡು ಹಾಕಿಕೊಂಡೇ. ಇಲ್ಲಿನ ಶಾಲೆಗಳಲ್ಲಿ ಬೆಳೆದ ಮಗು, ನಿಯಮ ಅಂದರೆ ನಿಯಮ. ಅಜ್ಜಿಯ ಮಣ್ಣಾದ ಕೈಯಲ್ಲಿ ಈಗ ಆ ಕಾರ್ಡು ಇತ್ತು. ಎಂದೂ ಬಾಗಿಲಲ್ಲಿ ಮೂರು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳದೆ ಬಾಯಿ ತೆರೆಯದ ಹೆಂಗಸು, ಅಂದು ಒಂದು ಸಲವೂ ಹೇಳಲಿಲ್ಲ.

"ಇದನ್ನು ಮಗುವಿನ ಕೊರಳಿಗೆ ಹಾಕಿದವರು ಯಾರು?" ಎಂದು ಕೇಳಿದರು.

ಭಾಷೆ ಕಲಿಸುವ ತರಗತಿಯಲ್ಲಿ ಒಂದು ಆಟ ಎಂದು ಹೇಳಿದೆ. ಗಂಡನ ಮಾತನ್ನೇ ಜಪಾನಿಗೆ ತಿರುಗಿಸಿ ಹೇಳಿದೆ.

"ಆಟವಲ್ಲ," ಅಂದರು ಅಜ್ಜಿ. "ನನಗೂ ಕಟ್ಟಿದ್ದರು. ಮರದ ಹಲಗೆ."

ಅವರು ಒಕಿನಾವಾದವರು ಎಂಬುದು ನನಗೆ ಅಂದೇ ಗೊತ್ತಾದದ್ದು. ಆ ದ್ವೀಪಗಳಿಗೆ ತಮ್ಮದೇ ರಾಜ, ತಮ್ಮದೇ ನುಡಿ ಇದ್ದವು. ಜಪಾನು ನುಂಗಿಕೊಂಡ ಮೇಲೆ ಶಾಲೆಗಳಲ್ಲಿ ದ್ವೀಪದ ಮಾತಾಡಿದ ಮಕ್ಕಳ ಕೊರಳಿಗೆ ಹಲಗೆ ಬಂತು. ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಅದನ್ನು ದಾಟಿಸುವುದು ಹೇಗೆ ಗೊತ್ತೇ? ಪಕ್ಕದವಳಿಗೆ ನೋವು ಮಾಡಬೇಕು. ನೋವಾದಾಗ ಯಾರೂ ಕಲಿತ ಭಾಷೆಯಲ್ಲಿ ಕೂಗುವುದಿಲ್ಲ. ನಾನು ನನ್ನ ಗೆಳತಿಯ ಜಡೆ ಎಳೆದೆ. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಸತ್ತಾಗ ಹೋದೆ, ಅವಳ ಮಗಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ."

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಿಮ್ಮ ಊರಲ್ಲೂ ಇತ್ತೇ?" ಅಂದರು.

"ಇಲ್ಲ," ಅಂದೆ.

ಅವರು ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಇದನ್ನು ದಾಟಿಸಬೇಡ ಎಂದು ಮಗುವಿಗೆ ಹೇಳಿ. ತನ್ನ ಹತ್ತಿರವೇ ಇಟ್ಟುಕೊಳ್ಳಲಿ. ಯಾರಾದರೂ ಒಬ್ಬರು ಇಟ್ಟುಕೊಂಡರೆ ಅಲ್ಲಿಗೆ ಮುಗಿಯುತ್ತದೆ. ಅದು ನನಗೆ ಆಗ ಹೊಳೆಯಲಿಲ್ಲ."

ಹೇಳುತ್ತೇನೆ ಎಂದು ತಲೆಯಾಡಿಸಿದೆ. ಹೇಳಲಿಲ್ಲ. ಗುರುವಾರ ಹೇಳೋಣ ಅಂದುಕೊಂಡೆ, ಶುಕ್ರವಾರ ಲ್ಯಾಬಿನಲ್ಲಿ ತಡವಾಯಿತು, ಶನಿವಾರ ಬೆಳಿಗ್ಗೆ ಮಗಳು ತಾನೇ ಕಾರ್ಡು ಹಾಕಿಕೊಂಡು ತರಗತಿಗೆ ಹೋದಳು. ಹೇಡಿಗಳಿಗೆ ದಿನಗಳು ಹೀಗೆಯೇ ಕಳೆಯುತ್ತವೆ.

ಮಧ್ಯಾಹ್ನ ಕುಣಿದುಕೊಂಡು ಬಂದಳು. ಕೊರಳು ಖಾಲಿ.

"ಅಮ್ಮಾ! ಐ ಗಾಟ್ ರಿಡ್ ಆಫ್ ಇಟ್! ಯಾರೂ ಮಾತಾಡ್ಲೇ ಇಲ್ಲ, ಎಲ್ಲಾ ಕೇರ್‌ಫುಲ್ ಆಗಿದ್ರು. ಸೋ ನಾನು ಪಕ್ಕದವಳ ಕಾಲು ತುಳಿದೆ. ಶೂಸ್ ಇರ್ಲಿಲ್ಲ ಅಲ್ವಾ, ಶೀ ಶೌಟೆಡ್ ‘ಇತಾಯ್!’ ಕ್ಯಾಚ್ ಮಾಡ್ದೆ!"

ಇತಾಯ್ ಅಂದರೆ ನೋವು. ಅವಳ ಮುಖದಲ್ಲಿ ಎಂಥ ಗೆಲುವು ಇತ್ತು ಅಂದರೆ, ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಎತ್ತಿದ ಕೈಯನ್ನು ಮಗಳು ನೋಡಿದಳು. ಮೊದಲ ಸಲ ಅವಳು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ಈಗ ಆ ಕೊನೆಯನ್ನು ಹೇಳಲೇಬೇಕು.

ನನಗೆ ಒಬ್ಬಳು ತಂಗಿ, ಎರಡು ವರ್ಷ ಚಿಕ್ಕವಳು. ನಾನು ಮೂರನೆಯ ತರಗತಿಯಲ್ಲಿದ್ದಾಗ ಅವಳನ್ನೂ ಜೀಪಿನಲ್ಲಿ ತಂದರು. ಅವಳಿಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಮಾತಾಡಿದರೆ ಚೊಂಬು ಎಂದು ಮೊದಲ ವಾರದಲ್ಲೇ ಅರ್ಥ ಮಾಡಿಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಮುದ್ದೆ ಸಾಲದಿದ್ದರೂ ಕೇಳುತ್ತಿರಲಿಲ್ಲ. ರಾತ್ರಿ ನನ್ನ ಪಕ್ಕ ಮಲಗಿ ನನ್ನ ಲಂಗದ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು, ಅಷ್ಟೇ.

ಒಂದು ಬುಧವಾರ ಚೊಂಬು ನನಗೆ ಬಂತು. ಗುರುವಾರ, ಶುಕ್ರವಾರ, ಶನಿವಾರ, ಯಾರೂ ಬಾಯಿ ತಪ್ಪಲಿಲ್ಲ. ಭಾನುವಾರ ಹೆತ್ತವರು ನೋಡಲು ಬರುವ ದಿನ. ಚೊಂಬು ಕಟ್ಟಿಕೊಂಡವರನ್ನು ಗೇಟಿನ ಹತ್ತಿರ ಬಿಡುತ್ತಿರಲಿಲ್ಲ. ನಮ್ಮವ್ವ ಬರುವವಳಿದ್ದಳು. ಅವಳನ್ನು ನೋಡಿ ಎರಡು ತಿಂಗಳಾಗಿತ್ತು.

ತಂಗಿಯ ಬಲ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಕೀವು ತುಂಬಿತ್ತು. ಅದು ನನಗೊಬ್ಬಳಿಗೇ ಗೊತ್ತಿತ್ತು, ಯಾಕೆಂದರೆ ಅವಳು ನನಗೊಬ್ಬಳಿಗೇ ತೋರಿಸಿದ್ದಳು. ಶನಿವಾರ ಸಂಜೆ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು. ನಾನು ಆ ಹಿಮ್ಮಡಿಯನ್ನೇ ನೋಡಿ, ಅದರ ಮೇಲೇ, ಪೂರ್ತಿ ಭಾರ ಬಿಟ್ಟು ತುಳಿದೆ.

ಅವಳು ಕೂಗಿದಳು. ನಮ್ಮ ಮಾತಿನಲ್ಲಿ, ಒಂದೇ ಪದ. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಅಕ್ಷರಗಳಲ್ಲಿ ಅದನ್ನು ಬರೆದು ನಿಮಗೆ ತೋರಿಸುವ ಅಗತ್ಯ ನನಗಿಲ್ಲ. ನಾನು ಕೈ ಎತ್ತಿ ಕನ್ನಡದಲ್ಲಿ, ತಪ್ಪಿಲ್ಲದ ಕನ್ನಡದಲ್ಲಿ, "ಸಾರ್, ಇವಳು ಮಾತಾಡಿದಳು ಸಾರ್," ಅಂದೆ. ವಾರ್ಡನ್ನು ನನ್ನ ಬೆನ್ನು ತಟ್ಟಿದ. "ಜಾಣೆ," ಅಂದ.

ತಂಗಿ ತಿರುಗಿ ನನ್ನನ್ನು ನೋಡಿದಳು. ಅಳಲಿಲ್ಲ. ಸೆಣಬಿನ ದಾರ ಹಾಕಲು ತಲೆ ಬಗ್ಗಿಸಿದಳು.

ಮರುದಿನ ಅವ್ವ ಬಂದಳು. ಗೇಟಿನ ಸರಳಿನ ನಡುವಿನಿಂದ ಎಲೆಯಲ್ಲಿ ಸುತ್ತಿದ ಸುಟ್ಟ ಗೆಣಸು ಕೊಟ್ಟಳು. ಚಿಕ್ಕವಳೆಲ್ಲಿ ಎಂದು ಕೇಳಿದಳು. ವಾರ್ಡನ್ನು ಪಕ್ಕದಲ್ಲೇ ನಿಂತಿದ್ದ. ನಾನು ಅವ್ವನಿಗೆ ಕನ್ನಡದಲ್ಲಿ, "ಮಲಗಿದ್ದಾಳೆ," ಅಂದೆ. ಅವ್ವನಿಗೆ ಪದ ಅರ್ಥವಾಯಿತು, ಆದರೆ ನನ್ನ ಬಾಯಿಂದ ಅದು ಬಂದದ್ದು ಅರ್ಥವಾಗಲಿಲ್ಲ. ಯಾರದೋ ಮಗುವನ್ನು ನೋಡಿದಂತೆ ನೋಡಿದಳು. ತಂಗಿ ಅಡುಗೆಮನೆಯ ಹಿಂದೆ ಚೊಂಬು ಕಟ್ಟಿಕೊಂಡು ನಿಂತಿದ್ದಳು. ಅವಳ ಪಾಲಿನ ಗೆಣಸನ್ನೂ ನಾನೇ ತಿಂದೆ.

ಎರಡು ತಿಂಗಳಿಗೆ ತಂಗಿ ಬೇಲಿ ನುಸುಳಿ ಹಾಡಿಗೆ ಓಡಿಹೋದಳು. ಮತ್ತೆ ಯಾವ ಜೀಪಿಗೂ ಸಿಗಲಿಲ್ಲ. ನಾನು ಉಳಿದೆ, ಓದಿದೆ, ಪತ್ರಿಕೆಯಲ್ಲಿ ಫೋಟೋ ಬಂತು, ‘ಹಾಡಿಯಿಂದ ಹೊರಟ ಪ್ರತಿಭೆ’ ಎಂದು ಬರೆದರು. ಜಪಾನಿಗೆ ಬಂದೆ.

ಇಷ್ಟೇ ಆಗಿದ್ದರೆ ನೆನಪು ಎಂದು ಪಕ್ಕಕ್ಕಿಡಬಹುದಿತ್ತು. ಆದರೆ ಶಿಕ್ಷೆ ಇನ್ನೂ ನಡೆಯುತ್ತಿದೆ. ತಂಗಿ ಈಗ ಹಾಡಿಯಲ್ಲೇ ಇದ್ದಾಳೆ, ಮೂರು ಮಕ್ಕಳ ತಾಯಿ. ಗಂಡನ ಜೊತೆ, ಮಕ್ಕಳ ಜೊತೆ, ನಾಯಿ ಕೋಳಿಗಳ ಜೊತೆ ನಮ್ಮ ಮಾತು ಆಡುತ್ತಾಳೆ. ಸಂತೆಗೆ ಹೋಗಿ ಹೋಗಿ ಕನ್ನಡವನ್ನೂ ಕಲಿತಿದ್ದಾಳೆ. ಫಾರೆಸ್ಟ್ ಗಾರ್ಡು, ತಾಲೂಕು ಕಚೇರಿಯವರು ಬಂದರೆ ಅವರ ಜೊತೆ ಕನ್ನಡ, ಎಚ್ಚರದ ಕನ್ನಡ. ನನ್ನ ಜೊತೆಯೂ ಕನ್ನಡ. ಆ ಶನಿವಾರದಿಂದ ಇಂದಿನವರೆಗೆ ಅವಳು ನನ್ನೆದುರು ನಮ್ಮ ಮಾತಿನ ಒಂದು ಪದವನ್ನೂ ಆಡಿಲ್ಲ. ಅವ್ವ ಸತ್ತ ದಿನವೂ ಫೋನಿನಲ್ಲಿ, "ಅಮ್ಮ ತೀರಿಕೊಂಡರು ಅಕ್ಕ," ಅಂದಳು. ಅಮ್ಮ! ನಮ್ಮಲ್ಲಿ ಯಾರೂ ಹಾಗನ್ನುವುದಿಲ್ಲ. ನಾನು ಇನ್ನೂ ಹಿಡಿದುಕೊಡುತ್ತೇನೆ ಎಂದು ಅವಳಿಗೆ ಭಯವೋ, ಅಥವಾ ನನಗೆ ಆ ಮಾತು ಕೇಳುವ ಯೋಗ್ಯತೆ ಇಲ್ಲ ಎಂಬ ತೀರ್ಮಾನವೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬಂದಿಲ್ಲ.

ಮುಂದಿನ ಶನಿವಾರ ಮಗಳನ್ನು ಕೈಹಿಡಿದು ಕರೆದುಕೊಂಡು ನಾನೇ ತರಗತಿಗೆ ಹೋದೆ. ಮಗಳು ಕಾಲು ತುಳಿದಿದ್ದ ಆ ಪುಟ್ಟ ಹುಡುಗಿ ಮೂಲೆಯಲ್ಲಿ ಕಾರ್ಡು ಹಾಕಿಕೊಂಡು ಕೂತಿತ್ತು, ಯಾರ ಜೊತೆಯೂ ಮಾತಿಲ್ಲದೆ. ನನಗೆ ಆ ಮೌನದ ಪರಿಚಯವಿತ್ತು.

"ಮೇಡಂ, ಈ ಕಾರ್ಡು ನಿಲ್ಸಿ," ಅಂದೆ.

"ಅಯ್ಯೋ, ಯಾಕ್ರೀ? ಮಕ್ಕಳಿಗೆ ಎಷ್ಟು ಇಷ್ಟ ಗೊತ್ತಾ? ಇಟ್ಸ್ ಜಸ್ಟ್ ಎ ಗೇಮ್."

"ಇದ್ರಿಂದ ತಪ್ಪಿಸ್ಕೊಳ್ಳೋಕೆ ನನ್ನ ಮಗಳು ಆ ಮಗೂ ಕಾಲು ತುಳಿದಿದ್ದಾಳೆ."

"ಮಕ್ಕಳು ಅಂದ್ಮೇಲೆ ಅದೆಲ್ಲಾ ಇದ್ದಿದ್ದೇ," ಎಂದು ನಕ್ಕರು. ಆಮೇಲೆ ಧ್ವನಿ ಇಳಿಸಿ, ಗುಟ್ಟು ಹೇಳುವ ಹಾಗೆ ಹೇಳಿದರು. "ನೋಡಿ, ನಾನು ಓದಿದ್ದು ಕಾನ್ವೆಂಟಲ್ಲಿ. ಒಂದ್ ಮಾತು ಕನ್ನಡ ಆಡಿದ್ರೆ ಕುತ್ತಿಗೆಗೆ ಬೋರ್ಡ್ ಹಾಕೋರು, ‘ಐ ಆಮ್ ಎ ಡಾಂಕಿ’ ಅಂತ. ಇಡೀ ದಿನ! ಎಷ್ಟ್ ಅತ್ತಿದೀನಿ ಗೊತ್ತಾ? ಅದಕ್ಕೇ ಈಗ ಉಲ್ಟಾ ಮಾಡಿದೀನಿ. ಕನ್ನಡಕ್ಕೋಸ್ಕರ!"

ಹೇಳುವಾಗ ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು. ಒಂದು ಕ್ಷಣ ಪಾಪ ಅನ್ನಿಸಿತು. ಮರುಕ್ಷಣವೇ ಮೈ ಉರಿಯಿತು. ಅಷ್ಟು ಅತ್ತು ಇವರು ಕಲಿತದ್ದು, ಬೋರ್ಡಿನ ಮೇಲೆ ಬೇರೆ ಸಾಲು ಬರೆಯುವುದನ್ನು.

"ನಂಗೂ ಹಾಕಿದ್ರು," ಅಂದೆ. "ಬೋರ್ಡಲ್ಲ. ಕಕ್ಕಸಿನ ಚೊಂಬು."

"ಛೆ! ನೀವೂ ಕಾನ್ವೆಂಟಾ?"

"ಅಲ್ಲ. ಆಶ್ರಮ ಶಾಲೆ. ಹಾಕಿದ್ದು ಕನ್ನಡ ಮಾತಾಡಿದ್ದಕ್ಕಲ್ಲ, ಕನ್ನಡ ಬಿಟ್ಟು ನಮ್ಮ ಮಾತು ಆಡಿದ್ದಕ್ಕೆ. ನಾನು ಜೇನು ಕುರುಬರವಳು. ನಿಮ್ಮ ಈ ಕನ್ನಡವನ್ನ ನನ್ನ ಕೊರಳಿಗೆ ಹೀಗೇ ಕಟ್ಟಿದ್ದು."

ಮಕ್ಕಳನ್ನು ಬಿಡಲು ಬಂದಿದ್ದ ನಾಲ್ಕೈದು ತಂದೆತಾಯಿಗಳು ತಮ್ಮ ಫೋನುಗಳಿಂದ ತಲೆ ಎತ್ತಿದರು. ಹತ್ತು ವರ್ಷ ಮುಚ್ಚಿಟ್ಟದ್ದು ಹೊರಬಿದ್ದಿತ್ತು. ಈಗ ಅವರ ಬಾಯಿಗೆ ಏನು ಬರುತ್ತದೋ ಬರಲಿ, ನಾನು ತಯಾರಾಗಿಯೇ ನಿಂತಿದ್ದೆ. ಅವಮಾನಕ್ಕೆ ತಯಾರಾಗಿದ್ದೆ, ಸಂತಾಪಕ್ಕೂ ತಯಾರಾಗಿದ್ದೆ. ಮೇಡಂ ಎರಡನ್ನೂ ಮಾಡಲಿಲ್ಲ.

"ಹೌದಾ! ಹೇಳ್ಲೇ ಇಲ್ವಲ್ರೀ! ನಿಮ್ಮನ್ನ ನೋಡಿದ್ರೆ ಗೊತ್ತೇ ಆಗಲ್ಲ!" ಎಂದು ನನ್ನ ಕೈ ಹಿಡಿದುಕೊಂಡರು. "ರಾಜ್ಯೋತ್ಸವಕ್ಕೆ ನಿಮ್ಮ ಟ್ರೈಬಲ್ ಡ್ಯಾನ್ಸ್ ಒಂದು ಇಡೋಣ, ಪ್ಲೀಸ್. ಉರಯಾಸುವಿಂದೆಲ್ಲಾ ಜನ ಬರ್ತಾರೆ. ಮಕ್ಕಳಿಗೆ ನೀವೇ ಕಲಿಸಿ, ಕಾಸ್ಟ್ಯೂಮ್ ನಾವು ಮಾಡಿಸ್ತೀವಿ. ಎಲೆ ಗಿಲೆ ಎಲ್ಲಾ ಆನ್‌ಲೈನ್ ಸಿಗತ್ತೆ."

ಕೈ ಬಿಡಿಸಿಕೊಂಡೆ. ಹೋಗಿ ಆ ಪುಟ್ಟ ಹುಡುಗಿಯ ಮುಂದೆ ಮಂಡಿಯೂರಿ ಕೂತು ಕಾರ್ಡನ್ನು ಅದರ ಕೊರಳಿನಿಂದ ತೆಗೆದೆ. ನನ್ನ ಮಗಳು ಬಂದು ಪಕ್ಕದಲ್ಲಿ ನಿಂತು, ನಾನು ಹೇಳಿಕೊಡದೆಯೇ, "ಗೊಮೆನ್ ನೆ," ಅಂದಳು. ಮೇಡಂ ಕೇಳಿಸಿಕೊಂಡರು. ಅಭ್ಯಾಸಬಲದಿಂದ ಅವರ ಬೆರಳು ಮೇಲೆದ್ದಿತು. ಹಾಗೇ ಇಳಿಯಿತು.

ಕಾರ್ಡನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. "ಇದು ನನ್ನ ಹತ್ರಾನೇ ಇರತ್ತೆ. ಯಾರಿಗೂ ಕೊಡಲ್ಲ," ಅಂದೆ.

"ಪರವಾಗಿಲ್ಲ ಬಿಡಿ, ಫೈಲ್ ಇದೆ, ಇನ್ನೊಂದು ಪ್ರಿಂಟ್ ತೊಗೋತೀನಿ," ಅಂದರು ಮೇಡಂ. ಈಗ ನಗು ಇರಲಿಲ್ಲ. ತೆಗೆದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಮಗಳನ್ನು ಮತ್ತೆ ಆ ತರಗತಿಗೆ ಕಳಿಸಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಸ್ವಲ್ಪ ದಿನ ಗುಸುಗುಸು ಇತ್ತು, "ಸ್ವಲ್ಪ ಸೆನ್ಸಿಟಿವ್ ಅಂತೆ" ಎಂದು ಯಾರೋ ಬರೆದಿದ್ದರು. ನಾನು ಗುಂಪಿನಿಂದ ಹೊರಬಂದೆ.

ಆ ದಿನ ಮನೆಗೆ ಹೋಗುವ ಮೊದಲು ಹೂವಿನ ಪಾತಿಯ ಪಕ್ಕದ ಬೆಂಚಿನ ಮೇಲೆ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಚೊಂಬು, ಹಿಮ್ಮಡಿ, ಗೇಟು, ಗೆಣಸು. ಅಜ್ಜಿ ಆಚೆ ಕಳೆ ಕೀಳುತ್ತಿದ್ದರು. ಕನ್ನಡ ಅವರಿಗೆ ಬಾರದು, ಆದರೂ ಒಂದು ಸಲ ಕೈ ನಿಲ್ಲಿಸಿ ನಮ್ಮ ಕಡೆ ನೋಡಿದರು. ನಾನು ಚೀಲದಿಂದ ಕಾರ್ಡು ತೆಗೆದು ತೋರಿಸಿ, "ನಮ್ಮೂರಲ್ಲೂ ಇತ್ತು," ಎಂದು ಜಪಾನಿಯಲ್ಲಿ ಕೂಗಿ ಹೇಳಿದೆ. ಗೊತ್ತಿತ್ತು ಎಂಬಂತೆ ತಲೆಯಾಡಿಸಿ ಮತ್ತೆ ಕಳೆಗೆ ಬಗ್ಗಿದರು.

ಮಗಳು ನನ್ನ ಕೈಯಲ್ಲಿದ್ದ ಕಾರ್ಡನ್ನು ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು. "ಚಿಕ್ಕಮ್ಮಂಗೆ ಸಾರಿ ಹೇಳಿದ್ಯಾ?"

"ಇಲ್ಲ."

"ಸ್ಟಿಲ್?"

ಅವಳು ಒಂದೇ ವಾರಕ್ಕೆ ಹೇಳಿ ಮುಗಿಸಿದ್ದಳು. ನನಗೆ ಇಪ್ಪತ್ತೇಳು ವರ್ಷವೂ ಸಾಲದಾಗಿತ್ತು.

ಮರುದಿನ ಭಾನುವಾರ ಮಧ್ಯಾಹ್ನ, ಹಾಡಿಯಲ್ಲಿ ಇನ್ನೂ ಬೆಳಿಗ್ಗೆ, ತಂಗಿಗೆ ವಿಡಿಯೋ ಕರೆ ಮಾಡಿದೆ. ಅಂಗಳದಲ್ಲಿ ಕೂತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಹೇಳಿ ಅಕ್ಕ, ಚೆನ್ನಾಗಿದ್ದೀರಾ?" ಅಂದಳು. ಬಹುವಚನ ಬೇರೆ.

ನಾನು ನಮ್ಮ ಮಾತಿನಲ್ಲಿ ಶುರುಮಾಡಿದೆ. ಹಿಂದಿನ ರಾತ್ರಿಯಿಂದ ಮನಸ್ಸಿನಲ್ಲಿ ಪದ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದಾಗ ಅರ್ಧ ಪದ ಇರಲಿಲ್ಲ. ಹಿಮ್ಮಡಿಗೆ ನಾವು ಏನನ್ನುತ್ತೇವೆ ಎಂಬುದು ಮರೆತುಹೋಗಿತ್ತು. ಆ ಹಿಮ್ಮಡಿಯನ್ನು ಒಂದು ದಿನವೂ ಮರೆತವಳಲ್ಲ, ಅದರ ಹೆಸರು ಮರೆತಿದ್ದೆ. ಅಲ್ಲಿ ಕನ್ನಡ ತುರುಕಿದೆ. ಕೀವಿಗೂ ಕನ್ನಡ. ‘ಚೊಂಬು’ ಹೇಗಿದ್ದರೂ ಕನ್ನಡದವರದೇ. ಎಳೆ ಮಗು ನಡೆಯುವ ಹಾಗೆ ಎಡವುತ್ತಾ ಎಡವುತ್ತಾ ಹೇಳಿ, ತಪ್ಪು ನನ್ನದು ಅಂದೆ. ಅತ್ತುಬಿಟ್ಟೆ.

ತಂಗಿ ಪೂರ್ತಿ ಕೇಳಿದಳು. ಮಧ್ಯೆ ಕೋಳಿಯೊಂದನ್ನು ಓಡಿಸಿದಳು. ಆಮೇಲೆ ಶುದ್ಧ ಕನ್ನಡದಲ್ಲಿ, "ಅದೆಲ್ಲ ಯಾವತ್ತೋ ಆಗಿಹೋಯಿತು ಬಿಡಿ ಅಕ್ಕ," ಅಂದಳು.

ಕ್ಷಮಿಸಿದಳು ಎಂದು ಬರೆಯಲು ಆಸೆಯಾಗುತ್ತದೆ. ತಾಲೂಕು ಕಚೇರಿಯವರು ಅರ್ಜಿ ಕಳೆದುಹೋಯಿತು ಅಂದಾಗಲೂ ಅವಳು ಹೀಗೆಯೇ ಅನ್ನುತ್ತಾಳೆ.

ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಚಿಕ್ಕಮ್ಮಾ, ನಿಮ್ ಲಾಂಗ್ವೇಜ್ ನಂಗೆ ಹೇಳ್ಕೊಡಿ. ಅಮ್ಮಂಗೆ ಸರಿಯಾಗಿ ಬರಲ್ಲ," ಅಂದಳು. ತಂಗಿ ಏನಂದಳೋ ಕೇಳಲಿಲ್ಲ. ನಾನು ಮುಖ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ.

ನಲ್ಲಿ ನಿಲ್ಲಿಸಿದಾಗ ಕೇಳಿಸಿತು. ತಂಗಿ ನಮ್ಮ ಮಾತು ಆಡುತ್ತಿದ್ದಳು. ಮೂಗು, ಕಿವಿ, ಹೊಟ್ಟೆ, ಒಂದೊಂದನ್ನೇ ಹೇಳಿಕೊಡುತ್ತಿದ್ದಳು, ಮಗಳು ತಪ್ಪಾಗಿ ಹೇಳಿದಾಗ ಬಿದ್ದು ಬಿದ್ದು ನಗುತ್ತಿದ್ದಳು. ಅವಳ ನಗು ಅಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಧ್ವನಿ ಪೂರ್ತಿ ಅವ್ವನದು. ಆಮೇಲೆ ಹಿಮ್ಮಡಿಯ ಪದ ಬಂತು. ಮಗಳು ಎರಡು ಸಲ ತಪ್ಪು ಹೇಳಿ ಮೂರನೆಯ ಸಲ ಸರಿಯಾಗಿ ಹೇಳಿದಳು.

ತಡೆಯಲಾಗದೆ, ಸಾರು ಕಲಕಲು ಎತ್ತಿಕೊಂಡಿದ್ದ ಸೌಟು ಹಿಡಿದುಕೊಂಡೇ ಹೊರಗೆ ಬಂದು ಮಗಳ ಹಿಂದೆ ನಿಂತೆ. ಪರದೆಯ ಮೂಲೆಯಲ್ಲಿ ನನ್ನ ಮುಖ ಕಂಡಿತು. ತಂಗಿಯ ನಗು ನಿಂತಿತು.

"ಊಟ ಆಯಿತಾ ಅಕ್ಕ?" ಅಂದಳು, ಕನ್ನಡದಲ್ಲಿ.

"ಆಗ್ತಿದೆ, ನೀವು ಮಾತಾಡಿ," ಎಂದು ಹಿಂದೆ ಹೋಗಿ ಅಡುಗೆಮನೆಯ ಬಾಗಿಲನ್ನು ಎಳೆದುಕೊಂಡೆ. ಆಮೇಲೆ ನಿಧಾನವಾಗಿ ಅವರ ಮಾತು ಮತ್ತೆ ಶುರುವಾಯಿತು.